ಉಪಗ್ರಹದ ಬೀಗರು

ಸುತ್ತಣ್ಣನ ಕೆಲಸ ಸುತ್ತುವುದು. ಇದು ಬೈಗುಳವಲ್ಲ, ಹೊಗಳಿಕೆಯೂ ಅಲ್ಲ. ಸರ್ಕಾರ ಅವನಿಗೆ ಸಂಬಳ ಕೊಡುತ್ತಿದ್ದುದೇ ಅದಕ್ಕೆ.

ಊರಾಚೆ ಹೆದ್ದಾರಿಯ ಪಕ್ಕದಲ್ಲಿ, ಎತ್ತರದ ತಂತಿಬೇಲಿಯೊಳಗೆ ರಕ್ಷಣಾ ಇಲಾಖೆಯ ಸಂಸ್ಥೆಯೊಂದಿತ್ತು. ಕ್ಷಿಪಣಿಗಳಿಗೆ ದಾರಿ ಹೇಳುವ ಪೆಟ್ಟಿಗೆಯೊಂದನ್ನು ಅಲ್ಲಿ ತಯಾರಿಸುತ್ತಿದ್ದರು. ಮೇಲಿನ ಉಪಗ್ರಹಗಳು ಕಳಿಸುವ ಸಂಕೇತಗಳನ್ನು ಕೇಳಿಸಿಕೊಂಡು, ‘ನಾನೀಗ ಇಂಥಲ್ಲಿದ್ದೇನೆ’ ಎಂದು ಲೆಕ್ಕ ಹಾಕಿ ಹೇಳುವುದು ಆ ಪೆಟ್ಟಿಗೆಯ ಕೆಲಸ. ಕ್ಷಿಪಣಿಯೊಳಗೆ ಕೂರಿಸುವ ಮೊದಲು ಅದನ್ನು ವ್ಯಾನಿನೊಳಗೆ ಕೂರಿಸಿ ಪರೀಕ್ಷೆ ಮಾಡಬೇಕು. ಕ್ಷಿಪಣಿಯನ್ನು ಹಾರಿಸಿಬಿಟ್ಟು, ‘ತಪ್ಪಾಯಿತು, ವಾಪಸ್ ಬಾ’ ಎನ್ನಲಾಗದು, ವ್ಯಾನಿಗೆ ಹಾಗೆನ್ನಬಹುದು. ಆ ವ್ಯಾನನ್ನು ಬೇಲಿಯೊಳಗಿನ ಮೈದಾನದಲ್ಲಿ ಒಂದೇ ವೇಗದಲ್ಲಿ, ಗಾಣದೆತ್ತಿನ ಹಾಗೆ, ಬೆಳಗಿನಿಂದ ಸಂಜೆಯ ತನಕ ದುಂಡಗೆ ಓಡಿಸುತ್ತಿದ್ದವನು ಸುತ್ತಣ್ಣ. ಆ ಹೆಸರನ್ನು ಇಟ್ಟವರು ವ್ಯಾನಿನ ಹಿಂಬದಿಯಲ್ಲಿ ಪರದೆಗಳ ಮುಂದೆ ಕೂರುತ್ತಿದ್ದ ಎಂಜಿನಿಯರುಗಳು. ಅಪ್ಪ ಅಮ್ಮ ಇಟ್ಟ ಹೆಸರು ಯಾವ ಸುತ್ತಿನಲ್ಲಿ ಬಿದ್ದುಹೋಯಿತೋ ಅವನಿಗೇ ನೆನಪಿರಲಿಲ್ಲ.

ದೇಶದ ಕ್ಷಿಪಣಿಗಳ ದಾರಿಯ ಹೊಣೆಯಲ್ಲಿ ಒಂದು ಚೂರು ಹೊತ್ತಿದ್ದ ಈ ಮನುಷ್ಯನಿಗೆ ಸ್ವಂತ ದಾರಿ ಯಾವತ್ತೂ ಗೊತ್ತಾದದ್ದಿಲ್ಲ. ಮೈದಾನದಲ್ಲಿ ತೊಂದರೆಯಿರಲಿಲ್ಲ, ಅಲ್ಲಿ ತಪ್ಪಲು ದಾರಿಯೇ ಇಲ್ಲ. ಊರೊಳಗೆ ಬಂದರೆ ಕಥೆಯೇ ಬೇರೆ. ಒಮ್ಮೆ ಸಹೋದ್ಯೋಗಿಯ ತಂದೆ ತೀರಿಕೊಂಡರೆಂದು ಸಂತಾಪ ಹೇಳಲು ಹೊರಟವನು ಪಕ್ಕದ ಬೀದಿಯ ಯಾರದೋ ಮನೆಯ ಹುಟ್ಟುಹಬ್ಬದ ಮಧ್ಯೆ ಹೋಗಿ ಕೂತು, “ಹೋದವರು ತುಂಬಾ ಒಳ್ಳೆಯವರು” ಎಂದು ಕಣ್ಣೊರೆಸಿಕೊಂಡು, ಕೊಟ್ಟ ಕೇಕು ತಿಂದು ಬಂದಿದ್ದ.

ಕೆಲಸಕ್ಕೆ ಸೇರಿದ ದಿನ ಸಂಸ್ಥೆಯ ಭದ್ರತಾಧಿಕಾರಿ ಅವನನ್ನು ಕೂರಿಸಿಕೊಂಡು, “ಇಲ್ಲಿ ನಡೆಯೋದನ್ನ ಹೊರಗೆ ಬಾಯಿ ಬಿಟ್ಟೆ ಅಂದ್ರೆ ಕೆಲಸ ಹೋಯ್ತು ಅಂತ ತಿಳ್ಕೋ” ಎಂದಿದ್ದರು. ಸುತ್ತಣ್ಣ ತಿಳಿದುಕೊಂಡ. ಎಷ್ಟರ ಮಟ್ಟಿಗೆ ಎಂದರೆ, ತಾನು ಡ್ರೈವರ್ ಎಂಬುದನ್ನು ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ. ಅವನ ಪ್ಯಾಂಟುಗಳೆಲ್ಲ ಹಿಂಬದಿಯಲ್ಲೇ ಸವೆಯುವುದನ್ನು ನೋಡಿ, ಕುರ್ಚಿಯ ಕೆಲಸ ಇರಬೇಕೆಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ಇನ್ನು ಸಂಸ್ಥೆ ಏನು ಮಾಡುತ್ತದೆ ಎಂಬ ಮಹಾ ರಹಸ್ಯ ಇಡೀ ಊರಿಗೆ ಗೊತ್ತಿತ್ತು. ಅಲ್ಲಿನ ಬಸ್ ನಿಲ್ದಾಣವನ್ನೇ ಜನ ‘ಕ್ಷಿಪಣಿ ಗೇಟು’ ಎನ್ನುತ್ತಿದ್ದರು. ಹೀಗೆ, ರಹಸ್ಯವಾಗಿರಬೇಕಾದದ್ದು ಊರಿಗೆಲ್ಲ ತಿಳಿದು, ಯಾರಿಗೂ ಬೇಡವಾದದ್ದು ಒಂದೇ ಗುಟ್ಟಾಗಿ ಉಳಿದು, ಸಂಸಾರ ನೆಮ್ಮದಿಯಾಗಿ ಸಾಗುತ್ತಿತ್ತು. ಅಷ್ಟರಲ್ಲಿ ಮಗಳು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಳು.

ಅವಳು ಐದನೇ ಮಹಡಿಯ ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ. ಲಿಫ್ಟು ಎರಡು ಮಹಡಿಗಳ ನಡುವೆ ತ್ರಿಶಂಕುವಾದಾಗ ರಿಪೇರಿಗೆ ಬಂದ ಹುಡುಗ ಬಾಗಿಲ ಸಂದಿಯಿಂದ, “ಮೇಡಂ, ಹೆದರ್ಕೋಬೇಡಿ, ತಂತಿ ಗಟ್ಟಿಯಾಗಿದೆ” ಎಂದು ಕೂಗಿದ.

“ನನಗೆ ಹೆದರಿಕೆ ಇಲ್ಲ, ಹಸಿವಾಗ್ತಿದೆ” ಎಂದಳು ಇವಳು.

ಹುಡುಗ ಜೇಬಿನಿಂದ ಬಿಸ್ಕತ್ತು ತೆಗೆದು ಒಂದೊಂದಾಗಿ ಸಂದಿಯಲ್ಲಿ ತೂರಿಸಿದ. ಆಮೇಲೆ ಆ ಕಟ್ಟಡದ ಲಿಫ್ಟು ಬೇಕಾದ್ದಕ್ಕಿಂತ ಹೆಚ್ಚು ಸಲ ಕೆಡತೊಡಗಿತು ಎಂದು ಹಲ್ಲಿನ ಡಾಕ್ಟರು ಇಂದಿಗೂ ಗೊಣಗುತ್ತಾರೆ. ಕೊನೆಗೆ ವಿಷಯ ಎರಡೂ ಮನೆಯ ಹಿರಿಯರಿಗೆ ತಲುಪಿ, ಸುತ್ತಣ್ಣ ಹೆಂಡತಿಯೊಂದಿಗೆ ಪಕ್ಕದ ಊರಿನ ಹುಡುಗನ ಮನೆಗೆ ಹೋಗಿಬರುವುದೆಂದಾಯಿತು. ಮಾತಿಗೆ ಒಬ್ಬರು ಬೇಕಲ್ಲ ಎಂದು ಷಡ್ಡಕನನ್ನೂ ಕರೆದುಕೊಂಡರು. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ನೀರು ಶುದ್ಧಮಾಡುವ ಯಂತ್ರಗಳನ್ನು ಮಾರುವವನು. ಎರಡು ಮಾತಿನ ನಡುವೆ ಖಾಲಿ ಜಾಗ ಕಂಡರೆ ಅವನಿಗೆ ಉಸಿರು ಕಟ್ಟುತ್ತಿತ್ತು.

ಹುಡುಗನ ತಂದೆ ಫಿರಂಗಿ ದಳದಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ಮೀಸೆ ಇನ್ನೂ ಸೇವೆಯಲ್ಲಿತ್ತು. ಫಿರಂಗಿಗಳ ಪಕ್ಕ ನಿಂತೂ ನಿಂತೂ ಬಲಗಿವಿ ಪೂರ್ತಿ, ಎಡಗಿವಿ ಅರ್ಧ ಹೋಗಿತ್ತು. ಉಳಿದ ಅರ್ಧ ಕಿವಿಯನ್ನು ಅವರು ತಮಗೆ ಇಷ್ಟವಾದ ಮಾತಿಗೆ ಮಾತ್ರ ಖರ್ಚು ಮಾಡುತ್ತಿದ್ದರು.

“ತಾವು ಏನ್ ಮಾಡ್ಕೊಂಡಿದೀರಿ?” ಎಂದು ಅವರು ಗುಡುಗಿದರು. ಗೋಡೆಯ ಮೇಲಿನ ಹಲ್ಲಿ ಜಾಗ ಬದಲಾಯಿಸಿತು.

“ಅದು ಹೇಳೋ ಹಾಗಿಲ್ಲ” ಎಂದ ಸುತ್ತಣ್ಣ, ವಾಡಿಕೆಯಂತೆ.

ಕೋಣೆಯಲ್ಲಿ ಮೌನ ಬಿತ್ತು. ಷಡ್ಡಕ ಅದನ್ನು ತಡೆಯಲಾರದೆ ಒದ್ದಾಡಿದ. ನಂತರ ಮುಂದಕ್ಕೆ ಬಾಗಿ, ಅರ್ಧ ಕಿವಿಗೆ ನೇರವಾಗಿ, “ಕ್ಷಿಪಣಿ ಗೇಟಿನ ಒಳಗೆ ಇರೋದು ಸರ್ ಇವರು. ಉಪಗ್ರಹ, ಕ್ಷಿಪಣಿ, ದಾರಿ ತೋರಿಸೋದು, ಎಲ್ಲ ಅಲ್ಲೇ. ಇನ್ನೂ ಬಿಡಿಸಿ ಹೇಳ್ಬೇಕಾ? ಇವರು ತಿರುಗಿಸದೆ ಅಲ್ಲಿ ಒಂದೂ ತಿರುಗಲ್ಲ!” ಎಂದ.

ಷಡ್ಡಕ ಹುಟ್ಟಿದ ಮೇಲೆ ಆಡಿದ ಮಾತುಗಳಲ್ಲಿ ಅಕ್ಷರಶಃ ನಿಜವಾದದ್ದು ಬಹುಶಃ ಅದೊಂದೇ. ಅಲ್ಲ ಎನ್ನಲು ಸುತ್ತಣ್ಣನಿಗೆ ಅವಕಾಶವಿತ್ತು. ಆದರೆ ಅವನು ಹೆಂಡತಿಯ ಮುಖ ನೋಡಿದ. ಮದುವೆಯಾದ ದಿನ ಅವಳು ಅವನನ್ನು ಹೀಗೆ ನೋಡಿದ್ದಳೋ ಇಲ್ಲವೋ, ಈಗ ಮಾತ್ರ ನೋಡುತ್ತಿದ್ದಳು. ಸುತ್ತಣ್ಣ ತಲೆ ತಗ್ಗಿಸಿ ಮೆಲ್ಲಗೆ ನಕ್ಕ. ಅಷ್ಟೇ ಅವನು ಮಾಡಿದ್ದು.

ಫಿರಂಗಿ ಬೀಗರು ಎದ್ದು ನಿಂತು, ಹಿಮ್ಮಡಿ ಕೂಡಿಸಿ ಸಲ್ಯೂಟ್ ಹೊಡೆದರು. ಒಬ್ಬ ಮನುಷ್ಯನಿಗೆ ಒಮ್ಮೆ ಹೊಡೆದ ಸಲ್ಯೂಟನ್ನು ವಾಪಸ್ ಕೊಡುವುದು ಹೇಗೆ ಎಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ.

ಸುತ್ತಣ್ಣ ಮನೆ ಸೇರುವ ಮೊದಲೇ ಸುದ್ದಿ ಬೀದಿ ಸೇರಿತ್ತು. ಅದು ಬರುವ ದಾರಿಯಲ್ಲಿ ಸ್ವಲ್ಪ ದಪ್ಪವೂ ಆಗಿತ್ತು. ಉಪಗ್ರಹದಿಂದ ಬೀದಿ ಬೀದಿಯನ್ನೂ ನೋಡುವ ಕೆಲಸವಂತೆ, ಯಾರು ಯಾವಾಗ ಎಲ್ಲಿದ್ದರೆಂದು ಇವರಿಗೆ ಗೊತ್ತಾಗುತ್ತದಂತೆ. ಖಾಲಿ ಸೈಟಿಗೆ ಕಸ ಎಸೆಯುತ್ತಿದ್ದ ಇಸ್ತ್ರಿ ಅಂಗಡಿಯವನು ಮರುದಿನ ಚೀಲ ಎತ್ತಿಕೊಂಡು ಹೋದವನು, ಒಮ್ಮೆ ಆಕಾಶ ನೋಡಿ, ಚೀಲವನ್ನು ಎದೆಗವಚಿಕೊಂಡು ತೊಟ್ಟಿಯ ತನಕ ನಡೆದ. ‘ಆಫೀಸಿನಲ್ಲಿ ಕೆಲಸ ಜಾಸ್ತಿ’ ಎನ್ನುತ್ತಿದ್ದ ಎದುರುಮನೆಯ ಗುಮಾಸ್ತ ದೀಪ ಹಚ್ಚುವ ಮೊದಲೇ ಮನೆಗೆ ಬರತೊಡಗಿದ. ಅವನ ಹೆಂಡತಿ ಸುತ್ತಣ್ಣನ ಮನೆಗೆ ಒಂದು ತಟ್ಟೆ ಹಣ್ಣು ಕಳಿಸಿದಳು, ಕಾರಣ ಹೇಳಲಿಲ್ಲ.

ಮೂಲೆಮನೆಯ ಅತ್ತೆ ಮಾತ್ರ ನೇರವಾಗಿ ಬಂದರು. ಆ ಬೀದಿಗೆಲ್ಲ ಅವರು ಅತ್ತೆಯೇ. “ಏನಪ್ಪಾ, ಮಹಡಿ ಮೇಲೆ ಒಣಗಿಸಿದ್ದ ನನ್ನ ಹೊಸ ಟವಲ್ಲು ಹೋಗಿದೆ. ನೀಲಿ ಅಂಚು. ಕೆಲಸದ ಮಧ್ಯೆ ಬಿಡುವಾದಾಗ ಒಂದ್ಸಲ ಮೇಲಿಂದ ನೋಡಿಬಿಡು.”

“ಅತ್ತೆ, ಅದು ಹಾಗೆಲ್ಲ ಕಾಣಿಸಲ್ಲ.”

“ಮೋಡ ಇದ್ರೆ ನಾಳೆ ನೋಡು, ಅವಸರ ಇಲ್ಲ.”

ಟವಲ್ಲು ಮರುದಿನ ತಾನಾಗಿಯೇ ಅತ್ತೆಯ ಬಾಗಿಲಿಗೆ ಬಂದು ಬಿದ್ದಿತ್ತು, ಮಡಿಸಿ, ಇಸ್ತ್ರಿ ಸಮೇತ. ಅಲ್ಲಿಗೆ ಸುತ್ತಣ್ಣನ ಕೀರ್ತಿ ಗೋಪುರಕ್ಕೇರಿತು.

ಕೀರ್ತಿ ಎಂಬುದು ಫೋನಿನಲ್ಲೂ ಪ್ರಯಾಣ ಮಾಡುತ್ತದೆ. ಒಂದು ಬೆಳಿಗ್ಗೆ ಭದ್ರತಾಧಿಕಾರಿ ಸುತ್ತಣ್ಣನನ್ನು ಕರೆಸಿದರು. ಅವರ ಮುಖ ಸುಟ್ಟ ಬದನೆಕಾಯಿಯ ಹಾಗಿತ್ತು.

“ನಿನ್ನ ಬೀದಿಯಿಂದ ಯಾರೋ ಹೆಂಗಸು ನನಗೆ ಫೋನ್ ಮಾಡಿದ್ರು ಕಣಯ್ಯ. ಬೆಕ್ಕು ಕಾಣಿಸ್ತಿಲ್ವಂತೆ. ‘ಉಪಗ್ರಹದವರು ಇದ್ರೆ ಕೊಡಿ’ ಅಂತಾರೆ. ಏನಿದು?”

ಸುತ್ತಣ್ಣ ನಡೆದದ್ದನ್ನು ಹೇಳಿದ.

“ಡ್ರೈವರ್ ಅಂತ ಹೇಳೋಕೆ ನಿನಗೇನು ರೋಗ?”

“ಹೇಳಬಹುದಾ ಸರ್?”

“ಡ್ರೈವರ್ ಅನ್ನೋದು ಯಾವ ದೇಶದಲ್ಲಿ ರಹಸ್ಯ! ಮೊದಲು ಹೋಗಿ ಎಲ್ರಿಗೂ ಹೇಳು.”

ಇಷ್ಟು ವರ್ಷ ಹೊಟ್ಟೆಯಲ್ಲಿ ಬಚ್ಚಿಟ್ಟದ್ದು ರಹಸ್ಯವೇ ಅಲ್ಲವೆಂದು ತಿಳಿದು ಸುತ್ತಣ್ಣನಿಗೆ ಸ್ವಲ್ಪ ಬೇಜಾರೇ ಆಯಿತು. ಆದರೂ ಆಜ್ಞೆ ಆಜ್ಞೆಯೇ. ಸಂಜೆ ಇಸ್ತ್ರಿ ಅಂಗಡಿಯ ಮುಂದೆ ನಿಂತು, ನೆರೆದವರೆದುರು, “ನೋಡ್ರಪ್ಪಾ, ನಾನು ಅಲ್ಲಿ ಬರೀ ವ್ಯಾನ್ ಓಡಿಸೋದು” ಎಂದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಸ್ತ್ರಿಯವನ ಕಣ್ಣಲ್ಲಿ ನೀರು ಬಂತು. “ದೊಡ್ಡವರು ಅಂದ್ರೆ ಹೀಗಿರ್ಬೇಕು. ಎಷ್ಟು ವಿನಯ ನೋಡ್ರಿ!”

ಹೆಂಡತಿಗೆ ಹೇಳಿದ. ಅವಳು ಬಾಗಿಲು ಹಾಕಿ ಬಂದು, “ನಂಗೊತ್ತು ಬಿಡ್ರಿ. ಯಾರ್ ಕೇಳಿದ್ರೂ ನಾನೂ ವ್ಯಾನ್ ಅಂತಾನೇ ಹೇಳ್ತೀನಿ” ಎಂದು ಪಿಸುಗುಟ್ಟಿದಳು. ಬೀಗರಿಗೆ ಫೋನ್ ಮಾಡಿ, ಗಂಟಲು ಹರಿಯುವಂತೆ, “ನಾನು ಡ್ರೈವರ್! ಡ್ರೈವರ್!” ಎಂದು ಕೂಗಿದ. ಆ ಕಡೆಯಿಂದ ಫಿರಂಗಿ ಬೀಗರು ತಮ್ಮ ಮಟ್ಟಿಗೆ ಗುಟ್ಟು ಎನ್ನಬಹುದಾದ ದನಿಯಲ್ಲಿ, “ಅರ್ಥ ಆಯ್ತು. ಫೋನಲ್ಲಿ ಜಾಸ್ತಿ ಮಾತು ಬೇಡ. ಗಡಿಯಲ್ಲಿ ನಮ್ಮ ದೊಡ್ಡ ಅಧಿಕಾರಿಗಳೂ ಅಡುಗೆಯವನು ಅಂತಾನೇ ಹೇಳ್ಕೋತಿದ್ರು. ಭಾನುವಾರ ಊಟಕ್ಕೆ ಬರ್ತೀವಿ, ಎದುರು ಕೂತು ಮಾತಾಡೋಣ” ಎಂದು ಇಟ್ಟುಬಿಟ್ಟರು.

ಸುಳ್ಳನ್ನು ನಂಬಿಸಲು ಒಂದು ನಗು ಸಾಕಾಗಿತ್ತು. ನಿಜವನ್ನು ನಂಬಿಸಲು ಗಂಟಲೂ ಸಾಲಲಿಲ್ಲ.

ಆ ಭಾನುವಾರವೇ ಸಂಸ್ಥೆಯಲ್ಲಿ ತುರ್ತು ಪರೀಕ್ಷೆ ಬಿತ್ತು. ಬೆಳಿಗ್ಗೆ ಒಂದಿಷ್ಟು ಸುತ್ತು ಹೊಡೆದು ಊಟದ ಹೊತ್ತಿಗೆ ಮನೆಗೆ ಬರುತ್ತೇನೆಂದು ಹೆಂಡತಿಯನ್ನು ಒಪ್ಪಿಸಿ ಸುತ್ತಣ್ಣ ಬಂದ. ವ್ಯಾನಿನ ಹಿಂದೆ ಕೂರುವ ಎಂಜಿನಿಯರಮ್ಮ ಅವನಿಗೆ ಅವಸರದ ಕಾರಣ ವಿವರಿಸಿದಳು.

“ಶತ್ರುಗಳು ಸುಳ್ಳು ಸಂಕೇತ ಕಳಿಸಿ ಕ್ಷಿಪಣಿಗೆ ದಾರಿ ತಪ್ಪಿಸ್ತಾರೆ ಸುತ್ತಣ್ಣ. ಅದು ಇಲ್ಲಿದ್ರೂ ‘ನೀನು ಅಲ್ಲಿದೀಯ’ ಅಂತ ನಂಬಿಸಿಬಿಡ್ತಾರೆ. ಆ ಸುಳ್ಳನ್ನ ನಮ್ಮ ಹೊಸ ಪೆಟ್ಟಿಗೆ ನಂಬುತ್ತೋ ಇಲ್ವೋ ನೋಡ್ಬೇಕು. ನಾಳೆಯಿಂದ ಆ ಪರೀಕ್ಷೆ, ಅದಕ್ಕೆ ಮೊದಲು ಇವತ್ತು ಮಾಮೂಲಿ ಸುತ್ತು. ಸುಳ್ಳು ಹೇಳೋ ಯಂತ್ರವನ್ನ ಒಳಗಿನ ತಗಡಿನ ಕೋಣೇಲಿ ಈಗ್ಲೇ ಹೊಂದಿಸಿಟ್ಟಿದ್ದಾರೆ. ಯಾವುದಾದ್ರೂ ಒಂದು ಜಾಗ ಹೇಳಿ, ಅದನ್ನೇ ಹಾಕ್ತೀವಿ.”

ಸುತ್ತಣ್ಣನಿಗೆ ಗೊತ್ತಿದ್ದ ವಿಳಾಸ ಒಂದೇ. ತನ್ನ ಮನೆಯದನ್ನು ಹೇಳಿದ.

“ಚೆನ್ನಾಯ್ತು. ಹಾಗಾದ್ರೆ ಆ ಯಂತ್ರದ ಮಾತು ಕೇಳಿದವರೆಲ್ಲ ನಿಮ್ಮ ಮನೆ ಮುಂದೆ ಇದೀವಿ ಅಂದ್ಕೋತಾರೆ” ಎಂದು ನಕ್ಕು, ಅವಳು ಅವನನ್ನು ಅದೇ ಕೋಣೆಯಿಂದ ಒಂದು ತಂತಿಸುರುಳಿ ತರಲು ಕಳಿಸಿದಳು.

ಆ ಓಣಿಯಲ್ಲಿ ಒಂದೇ ತರಹದ ಬಾಗಿಲುಗಳು ಸಾಲಾಗಿದ್ದವು. ಸಂಕೇತ ಒಂದಿಷ್ಟೂ ಆಚೆ ಸೋರದಂತೆ ಗಟ್ಟಿ ತಗಡು ಹೊಡೆದ ಬಾಗಿಲು ಅವುಗಳಲ್ಲೊಂದು. ಸುತ್ತಣ್ಣ ಮೂರು ಬಾಗಿಲು ತಪ್ಪಾಗಿ ತೆರೆದು, ಒಂದರಲ್ಲಿ ಯಾರಿಗೋ ಕ್ಷಮೆ ಕೇಳಿ, ಕೊನೆಗೆ ಸರಿಯಾದದ್ದನ್ನು ಹುಡುಕಿದ. ಸುರುಳಿ ಎರಡಿದ್ದವು. ಒಂದನ್ನು ಕೊಟ್ಟು ಇನ್ನೊಂದಕ್ಕೆ ವಾಪಸ್ ಬರಬೇಕು. ಬಾಗಿಲು ಮುಚ್ಚಿದರೆ ಮತ್ತೆ ಇದನ್ನು ಗುರುತು ಹಿಡಿಯುವುದು ಹೇಗೆ? ಬುದ್ಧಿವಂತಿಕೆ ಅಪರೂಪಕ್ಕೆ ಬಂದಾಗ ಮನುಷ್ಯನನ್ನು ಕುರುಡು ಮಾಡುತ್ತದೆ. ಅವನು ಒಂದು ಸ್ಟೂಲನ್ನು ಬಾಗಿಲಿಗೆ ಅಡ್ಡ ಇಟ್ಟು ಬಂದ. ಎಂಜಿನಿಯರಮ್ಮ, “ಒಂದೇ ಸಾಕು, ಬೇಗ ಹೊರಡಿ” ಎಂದಳು. ವ್ಯಾನು ಹೊರಟಿತು. ಸ್ಟೂಲು ಅಲ್ಲೇ ಉಳಿಯಿತು. ತೆರೆದ ಬಾಗಿಲಿನೆದುರು ಓಣಿಯ ದೊಡ್ಡ ಕಿಟಕಿ, ಕಿಟಕಿಯಾಚೆ ಬೇಲಿ, ಬೇಲಿಯಾಚೆ ಹೆದ್ದಾರಿ. ಅಷ್ಟು ಹೊತ್ತಿಗೆ ಒಳಗೆ ಯಾರೋ, ನಾಳೆಗೆ ಸರಿಯಿದೆಯೇ ಎಂದು ನೋಡಲು ಆ ವಿಳಾಸ ಹಾಕಿ ಯಂತ್ರಕ್ಕೆ ಜೀವ ಕೊಟ್ಟು, ಸ್ಟೂಲನ್ನು ದಾಟಿಕೊಂಡೇ ಟೀ ಕುಡಿಯಲು ಹೋದರು.

ಅದೇ ಹೆದ್ದಾರಿಯಲ್ಲಿ ಫಿರಂಗಿ ಬೀಗರ ಬಾಡಿಗೆ ಕಾರು ಬರುತ್ತಿತ್ತು. ಮುಂದೆ ಬೀಗರು, ಹಿಂದೆ ಬೀಗಿತ್ತಿ ಮತ್ತು ಹುಡುಗ. ಕಾರಿನವನು ಫೋನಿನ ನಕ್ಷೆ ನೋಡಿ ಓಡಿಸುತ್ತಿದ್ದ. ಕ್ಷಿಪಣಿ ಗೇಟು ಸಮೀಪಿಸುತ್ತಿದ್ದಂತೆ ಫೋನು ಒಮ್ಮೆ ತಡವರಿಸಿ, ‘ನೀವು ತಲುಪಬೇಕಾದ ಸ್ಥಳ ಬಂದಿದೆ’ ಎಂದಿತು.

ಹುಡುಗನಿಗೆ ಇದು ತಪ್ಪೆಂದು ಗೊತ್ತಿತ್ತು. ಸುತ್ತಣ್ಣನ ಮಗಳನ್ನು ಅವಳ ಬೀದಿಯ ತಿರುವಿನ ತನಕ ಅವನು ಎಷ್ಟೋ ಸಂಜೆ ಬಿಟ್ಟುಬಂದಿದ್ದ. ಆದರೆ ಗೊತ್ತು ಎಂದರೆ ಹೇಗೆ ಗೊತ್ತು ಎನ್ನುತ್ತಾರೆ. ಅವನು ಬಾಯಿ ಬಿಗಿಹಿಡಿದು ಕೂತ.

ಬೀಗರು ಇಳಿದು ನೋಡಿದರು. ತಂತಿಬೇಲಿ, ಕಬ್ಬಿಣದ ಗೇಟು, ಬಂದೂಕು ಹಿಡಿದ ಕಾವಲುಗಾರ. ಅವರ ಎದೆ ಉಬ್ಬಿತು. “ನೋಡಿದ್ಯೇನೇ? ಮನೆ ಅಂದ್ರೆ ಇದು!” ಎಂದು ಹೆಂಡತಿಗೆ ಹೇಳಿ, ಹಣ್ಣಿನ ಬುಟ್ಟಿ ಹಿಡಿದು ಗೇಟಿಗೆ ನಡೆದರು.

“ಬೀಗರಿಗೆ ಹೇಳಪ್ಪಾ, ನಾವು ಬಂದಿದೀವಿ ಅಂತ.”

“ಯಾವ ಬೀಗರು?”

“ಉಪಗ್ರಹದ ಬೀಗರು.”

ಕಾವಲುಗಾರ ಕಕ್ಕಾಬಿಕ್ಕಿಯಾದ. “ಯಜಮಾನ್ರೇ, ಇದು ಮನೆ ಅಲ್ಲ.”

ಬೀಗರು ಕಣ್ಣು ಮಿಟುಕಿಸಿದರು. “ಗೊತ್ತು, ಗೊತ್ತು. ಮನೆ ಅಲ್ಲ. ನಿನ್ನ ಜಾಗದಲ್ಲಿ ನಾನಿದ್ರೂ ಹಾಗೇ ಹೇಳ್ತಿದ್ದೆ. ಊಟಕ್ಕೆ ಕರೆದಿದ್ದಾರೆ, ಒಳಗೆ ತಿಳಿಸು.”

ಅಷ್ಟರಲ್ಲಿ ಒಂದು ಸಣ್ಣ ಲಾರಿ ಬಂದು ನಿಂತಿತು. ಸುತ್ತಣ್ಣನ ಮನೆಗೆ ಬಾಡಿಗೆ ಕುರ್ಚಿ ತರುತ್ತಿದ್ದವನು. ಅವನ ಫೋನೂ ಇದೇ ಸ್ಥಳ ಎಂದಿತ್ತು. “ಎಲ್ಲಿ ಹಾಕಲಿ?” ಎಂದು ಕೇಳಿದ. ಉತ್ತರ ಬರುವ ತನಕ ಕಾಯುವ ಜಾಯಮಾನ ಅವನದಲ್ಲ. ಗೇಟಿನ ಮುಂದೆಯೇ ಸಾಲಾಗಿ ಹಾಕತೊಡಗಿದ. ಅವನ ಹಿಂದೆಯೇ ಸ್ಕೂಟರಿನಲ್ಲಿ ಷಡ್ಡಕ, ಕಾಲಸಂದಿಯಲ್ಲಿ ಐಸ್‌ಕ್ರೀಮಿನ ಡಬ್ಬ. ಷಡ್ಡಕನಿಗೆ ಆ ಮನೆಯ ದಾರಿ ಗೊತ್ತಿಲ್ಲದ್ದೇನಲ್ಲ. ಆದರೆ ಹೊಸ ಫೋನು ಕೊಂಡಿದ್ದ. ಫೋನು ಹೇಳಿದ ಮೇಲೆ ಕಣ್ಣನ್ನು ನಂಬುವ ಪೈಕಿ ಅವನಲ್ಲ. “ಓ, ಊಟ ಇಲ್ಲೇನಾ? ಹೇಳಲೇ ಇಲ್ಲ!” ಎಂದು ಮುಂದಿನ ಸಾಲಿನಲ್ಲಿ ಕೂತ.

ಬೇಲಿಯೊಳಗೆ ಬಿಳಿ ವ್ಯಾನೊಂದು ದುಂಡಗೆ ಬರುತ್ತಿತ್ತು. ಅದು ಗೇಟಿನ ಕಡೆ ಬಂದಾಗ ಬೀಗರು ಸ್ಟೇರಿಂಗಿನ ಹಿಂದಿನ ಮುಖವನ್ನು ಗುರುತು ಹಿಡಿದರು. “ಅಗೋ ನಮ್ಮ ಬೀಗರು!” ಎಂದು ಎದ್ದು ಸಲ್ಯೂಟ್ ಹೊಡೆದರು. ವ್ಯಾನು ಹೋಯಿತು. ಮತ್ತೆ ಬಂತು. ಮತ್ತೆ ಸಲ್ಯೂಟ್. ಮತ್ತೆ ಹೋಯಿತು.

“ಎಲ್ಲಿಗೆ ಹೋಗ್ತಿದ್ದಾರೆ?” ಎಂದು ಬೀಗಿತ್ತಿ ಕೇಳಿದರು.

“ಕಾವಲು ಸುತ್ತು ಇರ್ಬೇಕು” ಎಂದರು ಬೀಗರು, ಆದರೆ ದನಿಯಲ್ಲಿ ಮೊದಲಿನ ಗುಂಡಿರಲಿಲ್ಲ.

ವ್ಯಾನಿನೊಳಗೆ ಸುತ್ತಣ್ಣನಿಗೆ ಬೆವರು ಕಿತ್ತು ಬಂದಿತ್ತು. ಪರೀಕ್ಷೆಯ ನಡುವೆ ನಿಲ್ಲಿಸುವ ಹಾಗಿಲ್ಲ.

“ಯಾಕ್ ಸುತ್ತಣ್ಣ, ವೇಗ ಏರುಪೇರಾಗ್ತಿದೆ?” ಎಂದಳು ಎಂಜಿನಿಯರಮ್ಮ.

“ಅಮ್ಮಾ, ಗೇಟಿನ ಹತ್ರ ನನ್ನ ಬೀಗರು ಕುರ್ಚಿ ಹಾಕ್ಕೊಂಡು ಕೂತಿದ್ದಾರೆ.”

ಅವಳು ಬಿಸಿಲಿಗೆ ಇವನಿಗೆ ಏನೋ ಆಗಿದೆ ಎಂದುಕೊಂಡು ತಲೆ ಎತ್ತಿ ನೋಡಿದಳು. ಕುರ್ಚಿಗಳಿದ್ದವು. ಬೀಗರೂ ಇದ್ದರು. ಅವಳು ತನ್ನ ಫೋನು ತೆಗೆದಳು. ಮೈದಾನದ ನಡುವೆ ಇದ್ದ ಫೋನು, ‘ಸುತ್ತಣ್ಣನ ಬೀದಿಯಲ್ಲಿದ್ದೇನೆ’ ಎನ್ನುತ್ತಿತ್ತು. ಅಷ್ಟು ಹೊತ್ತು ವೇಗದ ಪರದೆಯನ್ನಷ್ಟೇ ನೋಡುತ್ತಿದ್ದವಳು ಗಾಬರಿಯಿಂದ ಪೆಟ್ಟಿಗೆಯ ಪರದೆ ನೋಡಿದಳು. ಅವಳು ಕಿರುಚಿದ ರಭಸಕ್ಕೆ ಸುತ್ತಣ್ಣನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು.

ಅಷ್ಟರಲ್ಲಿ ಭದ್ರತಾಧಿಕಾರಿ ಗೇಟಿಗೆ ಬಂದಿದ್ದರು. ನಾಟಕ ನೋಡಲು ಕೂತವರ ಹಾಗೆ ಸಾಲಾಗಿ ಕೂತಿದ್ದ ಜನರನ್ನೂ, ನಡುವೆ ಕರಗುತ್ತಿದ್ದ ಐಸ್‌ಕ್ರೀಮನ್ನೂ ನೋಡಿ ಅವರಿಗೆ ಮೊದಲು ಮಾತೇ ಹೊರಡಲಿಲ್ಲ. ಹೊರಟಾಗ ಎಲ್ಲ ಒಟ್ಟಿಗೆ ಹೊರಟಿತು.

“ಯಾರ್ರೀ ನೀವೆಲ್ಲ?”

“ಬೀಗರ ಕಡೆಯವರು” ಎಂದರು ಫಿರಂಗಿ ಬೀಗರು, ನೆಟ್ಟಗೆ ನಿಂತು. “ಇಲ್ಲಿನ ಕ್ಷಿಪಣಿ ಮುಖ್ಯಸ್ಥರ ಮಗಳು ನಮ್ಮ ಸೊಸೆ ಆಗ್ತಿದ್ದಾಳೆ.”

“ಯಾವ ಮುಖ್ಯಸ್ಥ?”

ಬೀಗರು ಬೇಲಿಯೊಳಗೆ ಓಡಿಬರುತ್ತಿದ್ದ ಸುತ್ತಣ್ಣನ ಕಡೆ ಬೆರಳು ತೋರಿಸಿದರು.

“ಅವನಾ?” ಭದ್ರತಾಧಿಕಾರಿ ಅವರ ಅರ್ಧ ಕಿವಿಯ ಹತ್ತಿರ ಬಾಯಿಟ್ಟು, ಹೆದ್ದಾರಿಯಾಚೆಗೂ ಕೇಳುವಂತೆ ಕೂಗಿದರು: “ಅವನು ಡ್ರೈವರ್! ವ್ಯಾನ್ ಓಡಿಸ್ತಾನೆ! ದುಂಡಗೆ! ಅಷ್ಟೇ!”

ಈ ಸಲ ಕೇಳಿಸಿತು. ಬೀಗರು ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಷಡ್ಡಕ ಬಾಯಿ ತೆರೆದು, ಬದುಕಿನಲ್ಲಿ ಮೊದಲ ಬಾರಿಗೆ, ಹಾಗೆಯೇ ಮುಚ್ಚಿದ. ಗೇಟಿನ ಒಳಗೆ ಸುತ್ತಣ್ಣ ಕಂಬಿಗಳನ್ನು ಹಿಡಿದು ನಿಂತಿದ್ದ. ಮಗಳು ಆ ಬೆಳಿಗ್ಗೆ ಮನೆಯ ಕಿಟಕಿ ಪರದೆಗಳನ್ನು ಎರಡೆರಡು ಸಲ ಬಿಚ್ಚಿ ಕಟ್ಟಿದ್ದು ಅವನ ಕಣ್ಣ ಮುಂದೆ ಬಂತು.

“ಅಂದ್ರೆ ನಮಗೆ ಸುಳ್ಳು ಹೇಳಿದ್ರಿ” ಎಂದರು ಬೀಗರು. ಅವರು ಅಷ್ಟು ಮೆಲ್ಲಗೆ ಮಾತಾಡಬಲ್ಲರೆಂದು ಮನೆಯವರಿಗೂ ಗೊತ್ತಿರಲಿಲ್ಲ.

“ಸುಮ್ಮನೆ ನಕ್ಕೆ” ಎಂದ ಸುತ್ತಣ್ಣ. “ಆಮೇಲೆ ಹೇಳಿದೆ. ಯಾರೂ ನಂಬಲಿಲ್ಲ. ಆದ್ರೆ ಮೊದಲು ನಕ್ಕಿದ್ದು ನಾನೇ. ನನ್ನ ಮಗಳಿಗೆ ಇದರಲ್ಲಿ ಏನೂ ಗೊತ್ತಿಲ್ಲ.”

“ಫೋನ್ ಮಾಡಿದ್ರಲ್ಲಪ್ಪಾ ಅವರು” ಎಂದ ಹುಡುಗ. “ಡ್ರೈವರ್, ಡ್ರೈವರ್ ಅಂತ ಕೂಗಿದ್ದು ಅಡುಗೆಮನೆಗೂ ಕೇಳಿಸ್ತು.”

“ನಾನದನ್ನ ಗೂಢಭಾಷೆ ಅಂದ್ಕೊಂಡೆ ಕಣೋ!”

ಈ ಹೊತ್ತಿಗೆ ಎಂಜಿನಿಯರಮ್ಮ ಏದುಸಿರು ಬಿಡುತ್ತ ಬಂದಳು. “ಸರ್, ತಗಡಿನ ಕೋಣೆಯ ಬಾಗಿಲಿಗೆ ಯಾರೋ ಸ್ಟೂಲ್ ಇಟ್ಟಿದ್ದಾರೆ! ಸುಳ್ಳು ಸಂಕೇತ ರಸ್ತೆವರೆಗೂ ಸೋರಿದೆ. ಈಗ ಯಂತ್ರ ಆರಿಸಿ ಬಂದೆ.”

‘ಯಾರೋ’ ಯಾರೆಂದು ಭದ್ರತಾಧಿಕಾರಿ ಕೇಳಬೇಕಾಗಿರಲಿಲ್ಲ. ಸುತ್ತಣ್ಣನ ಮುಖ ತಾನೇ ಹೇಳುತ್ತಿತ್ತು. “ನಿನ್ನ ಕೆಲಸ...” ಎಂದು ಅವರು ಶುರುಮಾಡಿದರು.

“ಇರಿ ಸರ್, ಪೂರ್ತಿ ಕೇಳಿ” ಎಂದಳು ಅವಳು. “ರಸ್ತೆಯ ಫೋನುಗಳೆಲ್ಲ ಮೋಸ ಹೋದವು. ನನ್ನ ಫೋನೂ ಹೋಯ್ತು. ಆದ್ರೆ ವ್ಯಾನಲ್ಲಿದ್ದ ನಮ್ಮ ಪೆಟ್ಟಿಗೆ ಹೋಗಲಿಲ್ಲ. ‘ಇದು ಸುಳ್ಳು, ನಾನು ಮೈದಾನದಲ್ಲೇ ಇದೀನಿ’ ಅಂತ ಒಂದು ಸುತ್ತೂ ತಪ್ಪದೆ ಹೇಳ್ತಾ ಇತ್ತು. ನಾಳೆ ಏನಾಗುತ್ತೋ ಅಂತ ನಾವೆಲ್ಲ ನಿದ್ದೆಗೆಟ್ಟಿದ್ವಿ. ಅದು ಇವತ್ತೇ ಗೆದ್ದುಬಿಡ್ತು!”

ಭದ್ರತಾಧಿಕಾರಿ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಸಿಟ್ಟು ಎರಡನ್ನೂ ಒಂದೇ ಮುಖದಲ್ಲಿ ಇಟ್ಟುಕೊಳ್ಳಲಾರದೆ ಒದ್ದಾಡಿ, ಕೊನೆಗೆ ತೀರ್ಪು ಕೊಟ್ಟರು: ಸುತ್ತಣ್ಣ ಇನ್ನು ಮುಂದೆ ಆ ಓಣಿಗೆ ಕಾಲಿಡಕೂಡದು, ತಂತಿಸುರುಳಿ ಬೇಕಾದವರು ತಾವೇ ಹೋಗಿ ತರತಕ್ಕದ್ದು, ಮತ್ತು ಈ ಕುರ್ಚಿಗಳು ತಕ್ಷಣ ತೊಲಗಬೇಕು.

ಫಿರಂಗಿ ಬೀಗರು ಮಾತ್ರ ಕುರ್ಚಿಯಿಂದ ಏಳಲಿಲ್ಲ. ಎಂಜಿನಿಯರಮ್ಮನನ್ನು ಹತ್ತಿರ ಕರೆದು, ಎಡಗಿವಿ ತಿರುಗಿಸಿ, “ಇನ್ನೊಂದ್ಸಲ ಹೇಳಮ್ಮ. ಅದು ತಪ್ಪು ಜಾಗಕ್ಕೆ ಹೋಗಲ್ವಾ?” ಎಂದು ಕೇಳಿದರು.

“ಯಾವತ್ತೂ ಹೋಗಲ್ಲ ಅಂತ ಹೇಳೋಕಾಗಲ್ಲ ಸರ್. ಇವತ್ತು ಹೋಗಲಿಲ್ಲ. ಇನ್ನೂ ಪರೀಕ್ಷೆ ಮಾಡ್ತಾನೇ ಇರ್ತೀವಿ. ಅದಕ್ಕೇ ಇವರು ಸುತ್ತೋದು.”

ಬೀಗರು ತುಸು ಹೊತ್ತು ತಮ್ಮ ಕೈ ನೋಡಿಕೊಂಡರು. “ನಮ್ಮ ಕಾಲದಲ್ಲಿ ನಕ್ಷೆ ನೋಡಿ, ಗಾಳಿ ಅಂದಾಜು ಮಾಡಿ ಹೊಡೀತಿದ್ವಿ. ಒಂದ್ಸಲ ನಮಗೆ ಕೊಟ್ಟ ಜಾಗದ ಲೆಕ್ಕವೇ ತಪ್ಪಾಗಿತ್ತು. ನಾನು ಹೊಡೆದ ಗುಂಡು ಹೋಗಿ ಒಂದು ಶಾಲೆ ಮೇಲೆ ಬಿತ್ತು.”

ಕುರ್ಚಿ ಎತ್ತುತ್ತಿದ್ದವನೂ ನಿಂತ.

“ಅವತ್ತು ಶಾಲೆಗೆ ರಜ ಇತ್ತು” ಎಂದರು ಬೀಗರು. “ಬೆಂಚುಗಳು ಮಾತ್ರ ಹೋದ್ವು. ರಜ ಇಲ್ದೇ ಹೋಗಿದ್ರೆ ಅಂತ ಈಗ್ಲೂ ಕಣ್ಣು ಮುಚ್ಚಿದ್ರೆ ಬರುತ್ತೆ.” ಅವರು ಎದ್ದು ಗೇಟಿನ ಕಂಬಿಯ ಹತ್ತಿರ ಬಂದರು. “ಏನ್ರೀ ಬೀಗರೇ, ದಿನಾ ಹೀಗೇ ಸುತ್ತುತೀರಾ?”

“ಹೂಂ.”

“ತಲೆ ತಿರುಗಲ್ವಾ?”

“ರಜ ಇದ್ದ ದಿನ ತಿರುಗುತ್ತೆ” ಎಂದ ಸುತ್ತಣ್ಣ, ನಿಜವನ್ನೇ.

ಬೀಗಿತ್ತಿಗೆ ಮೊದಲು ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಅದು ಬೆರಳ ಸಂದಿಯಿಂದ ಹೊರಬಂತು. ನಂತರ ಕಾವಲುಗಾರನಿಗೆ ಬಂತು. ಬೀಗರು ನಗಲಿಲ್ಲ. ಕಂಬಿಯೊಳಗೆ ಕೈ ಹಾಕಿ ಸುತ್ತಣ್ಣನ ಕೈ ಹಿಡಿದು, “ಹಸಿವಾಗ್ತಿದೆ, ನಡೀರಿ ಮನೆಗೆ” ಎಂದರು. ಬೀಗರಾಗುತ್ತೇವೆ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ.

ದಾರಿ ಯಾರಿಗೆ ಗೊತ್ತು ಎಂಬ ಪ್ರಶ್ನೆ ಬಂದಾಗ ಫೋನನ್ನು ನಂಬಲು ಯಾರೂ ತಯಾರಿರಲಿಲ್ಲ. ಹುಡುಗ ಕೆಮ್ಮಿ, “ನಾನು ತೋರಿಸ್ತೀನಿ” ಎಂದ. “ನಿನಗೆ ಹೇಗೋ ಗೊತ್ತು?” ಎಂದರು ಬೀಗಿತ್ತಿ. ಅವನು ಕೆಂಪಾದ. ಕಾರು ಒಂದು ತಿರುವನ್ನೂ ತಪ್ಪದೆ ಬಂದು ಸುತ್ತಣ್ಣನ ಬಾಗಿಲಿಗೆ ನಿಂತಾಗ, ಉತ್ತರವನ್ನು ಮತ್ತೆ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಊಟಕ್ಕೆ ಕೂತಾಗ ಸುತ್ತಣ್ಣನ ಹೆಂಡತಿ ಬಡಿಸುತ್ತ, ಮುಂಚಿತವಾಗಿಯೇ, “ನಮ್ಮವರು ಬರೀ ವ್ಯಾನ್ ಓಡಿಸೋದು” ಎಂದು ಕಣ್ಣು ಮಿಟುಕಿಸಿದಳು.

“ಗೊತ್ತು ತಾಯಿ, ನೋಡಿ ಬಂದ್ವಿ” ಎಂದರು ಬೀಗರು. ಅವಳು ಗಂಡನ ಮುಖ ನೋಡಿದಳು. ಸುತ್ತಣ್ಣ ತಲೆಯಾಡಿಸಿದ. ಅವಳ ಕೈಯ ಸೌಟು ಕ್ಷಣಕಾಲ ನಿಂತಿತು. ಆಮೇಲೆ, “ಹಾಗಾದ್ರೆ ಪ್ಯಾಂಟಿಗೆ ಹಿಂದೆ ಇನ್ನೊಂದು ಪದರ ಬಟ್ಟೆ ಕೊಟ್ಟು ಹೊಲಿಸ್ಬೇಕು” ಎಂದು ಅವನ ತಟ್ಟೆಗೇ ಮೊದಲು ಬಡಿಸಿದಳು.

ಊಟವಾಯಿತು. ಮಾತು ಹವಾಮಾನ, ಲಿಫ್ಟು, ನೀರಿನ ಯಂತ್ರ ಎಲ್ಲದರ ಮೇಲೂ ಹರಿಯಿತು, ಮದುವೆಯೊಂದನ್ನು ಬಿಟ್ಟು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಹುಡುಗ ಎದುರಿನ ಗೋಡೆಯನ್ನೇ ರಿಪೇರಿಗೆ ಬಂದವನ ಹಾಗೆ ನೋಡುತ್ತಿದ್ದ. ಫಿರಂಗಿ ಬೀಗರು ಕಿಟಕಿಯ ಪಕ್ಕದ ಒರಗು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದರು. ಯೋಚಿಸುತ್ತಿದ್ದಾರೆಂದು ಎಲ್ಲರೂ ಉಸಿರು ಬಿಗಿಹಿಡಿದರು.

ಷಡ್ಡಕನಿಗೆ ತಡೆಯಲಾಗಲಿಲ್ಲ. ತುದಿಗಾಲಲ್ಲಿ ಬೀಗಿತ್ತಿಯ ಹತ್ತಿರ ಬಂದು, “ಅಕ್ಕಾ, ಇವರು ಒಪ್ಪಿದ್ರೋ ಇಲ್ವೋ ಹೇಳಿಬಿಡಿ” ಎಂದು ಪಿಸುಗುಟ್ಟಿದ.

ಆಗ ಕುರ್ಚಿಯಿಂದ ಒಂದು ಸದ್ದು ಹೊರಟಿತು. ಮೊದಲು ಸಣ್ಣಗೆ, ಆಮೇಲೆ ಕಿಟಕಿಯ ಗಾಜು ನಡುಗುವಂತೆ. ಮಗಳು ಬೆಚ್ಚಿ ಮುಂದೆ ಬಂದಳು. ಬೀಗಿತ್ತಿ ಅವಳ ಕೈ ಹಿಡಿದು ತಡೆದು, ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

“ನಮ್ಮ ಮನೇಲೇ ಹಗಲು ಹೊತ್ತು ಕಣ್ಣು ಮುಚ್ಚಿದ ಮನುಷ್ಯ ಅಲ್ಲ ಇವರು” ಎಂದರು. “ಇಲ್ಲಿ ಗೊರಕೆ ಹೊಡೀತಿದ್ದಾರೆ. ಇನ್ನೆಂಥ ಒಪ್ಪಿಗೆ ಬೇಕಪ್ಪಾ ನಿಮಗೆ? ಮೆಲ್ಲಗೆ ಮಾತಾಡಿ, ಎದ್ದುಬಿಟ್ಟಾರು.”